ಸೀಟಿನ ಹಿಂದೆ ಇಟ್ಟ ಭಾರ

ಅಪಘಾತದ ತನಿಖೆಗೆ ಮೊದಲ ದಿನ ಬಂದ ಅಧಿಕಾರಿ ಒಡೆದ ವಿಮಾನವನ್ನು ಅರ್ಧ ಗಂಟೆ ನೋಡಿದರು. ಆಮೇಲೆ ಎಸ್ಟೇಟ್ ಬಂಗಲೆಯ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ, "ಏಳುವಾಗ ಸ್ಟಿಕ್ ಜಾಸ್ತಿ ಎಳೆದಿದ್ದಾರೆ. ಸ್ಟಾಲ್ ಆಗಿದೆ. ಅನುಭವ ಕಮ್ಮಿ ಇದ್ದವರು ಮಾಡೋ ತಪ್ಪು" ಎಂದರು. ಪಕ್ಕದಲ್ಲಿದ್ದ ಯಾರೋ, "ಹೆಣ್ಣು ಹುಡುಗಿ ಅಲ್ವಾ ಸಾರ್, ಗಾಬರಿ ಆಗಿರ್ಬೇಕು" ಎಂದು ಸೇರಿಸಿದರು. ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ. ನನ್ನ ತಂಗಿಯನ್ನು ಮಣ್ಣು ಮಾಡಿ ಇನ್ನೂ ಒಂದು ದಿನವಾಗಿರಲಿಲ್ಲ. ಉಗುರಿನ ಸಂದಿಯಲ್ಲಿ ಆ ಮಣ್ಣು ಹಾಗೇ ಇತ್ತು. ಆ ಲೋಟವನ್ನು ಕಿತ್ತು ಬಿಸಾಡಬೇಕು ಅನ್ನಿಸಿತು. ಬಿಸಾಡಲಿಲ್ಲ. ಜಗಳ ಆಡಿ ಅಭ್ಯಾಸವಿಲ್ಲದವನು ನಾನು.

ಕಳಸದಲ್ಲಿ ಜೀಪ್ ರಿಪೇರಿ ಮಾಡುತ್ತೇನೆ. ಓದಿದ್ದು ಹತ್ತನೇ ತರಗತಿಯವರೆಗೆ. ಬಾಳೂರು ಕಡೆಯ ಈ ಎಸ್ಟೇಟಿನ ಸಾಹುಕಾರರು ಗುಡ್ಡದ ನೆತ್ತಿಯನ್ನು ಸಮ ಮಾಡಿಸಿ, ಹುಲ್ಲಿನ ರನ್‌ವೇ ಹಾಕಿಸಿ, ಎರಡು ಸೀಟಿನ ಸಣ್ಣ ವಿಮಾನ ತರಿಸಿದ್ದರು. ಅದನ್ನು ಹಾರಿಸುತ್ತಿದ್ದವಳು ನನ್ನ ತಂಗಿ. ಅವಳು ಕಲಿತು ಪರವಾನಗಿ ಪಡೆದದ್ದು ಬೇರೆಯೇ ಕಥೆ, ಅದನ್ನು ಇಲ್ಲಿ ಹೇಳುವುದಿಲ್ಲ. ಎಂಜಿನ್ ಮುಟ್ಟಲು ನನಗೆ ಅನುಮತಿ ಇರಲಿಲ್ಲ. ಟೈರಿನ ಗಾಳಿ, ಬ್ರೇಕು, ಪೆಟ್ರೋಲ್ ಸೋಸಿ ಹಾಕುವುದು, ರನ್‌ವೇ ಮೇಲಿನ ದನ ಓಡಿಸುವುದು, ಹಾರುವ ಮೊದಲು ತೂಕ ಹಾಕುವುದು, ಇಷ್ಟು ನನ್ನ ಕೆಲಸ.

ತೂಕದ ವಿಷಯದಲ್ಲಿ ಅವಳು ಯಾರ ಮಾತೂ ಕೇಳುತ್ತಿರಲಿಲ್ಲ. ಸಂಜೆ ಕೊಯ್ದ ಕಾಫಿ ಹಣ್ಣು ತೂಗಲು ಎಸ್ಟೇಟಿನಲ್ಲಿ ಮೂರು ಕಂಬ ಸೇರಿಸಿ ನೇತು ಹಾಕಿದ ಕೊಕ್ಕೆಯ ತಕ್ಕಡಿ ಇದೆ. ವಿಮಾನದೊಳಗೆ ಹೋಗುವ ಎಲ್ಲವನ್ನೂ ಅದಕ್ಕೇ ತೂಗುತ್ತಿದ್ದೆವು. ಕೊನೆಗೆ ಅವಳೂ ಕೊಕ್ಕೆ ಹಿಡಿದು ಜೋತು ಬೀಳುತ್ತಿದ್ದಳು. ನಲವತ್ತೇಳು ಕೆಜಿ. "ಸಾಬ್ರೇ, ನಿಮ್ಮ ತಂಗಿ ಒಂದು ಮೂಟೆ ಕಾಫಿಗೆ ಮೂರು ಕೆಜಿ ಕಮ್ಮಿ ಬಿದ್ಲು. ಒಣಗಿದ್ದು ಜಾಸ್ತಿ ಆಯ್ತು" ಎಂದು ಮೇಸ್ತ್ರಿ ಪ್ರತಿ ಸಲ ಹೇಳುತ್ತಿದ್ದ. ಪ್ರತಿ ಸಲ ಅವಳು ನಗುತ್ತಿದ್ದಳು.

ನನಗೆ ಹಾರಾಟದ ಪಾಠ ಆದದ್ದು ಜೀಪಿನಲ್ಲಿ. ಸಂಸೆಯಿಂದ ಇಳಿದು ಬರುವಾಗ ಒಮ್ಮೆ, "ಭಾಯಿ, ಕೈ ಹೊರಗೆ ಹಾಕು" ಎಂದಳು. ಅಂಗೈಯನ್ನು ನೆಲಕ್ಕೆ ಸಮವಾಗಿ ಹಿಡಿದರೆ ಏನೂ ಇಲ್ಲ. ಮುಂಭಾಗ ಸ್ವಲ್ಪ ಎತ್ತಿದರೆ ಗಾಳಿ ಕೈಯನ್ನು ಮೇಲಕ್ಕೆ ಒಯ್ಯುತ್ತದೆ. ಇನ್ನೂ ಎತ್ತಿದರೆ ಇನ್ನೂ ಮೇಲಕ್ಕೆ. ಮತ್ತೂ ಎತ್ತಿದರೆ ಒಂದು ಹಂತದಲ್ಲಿ ಕೈ ನಡುಗಿ ಹಿಂದಕ್ಕೆ ಬೀಳುತ್ತದೆ. "ಅದೇ ಸ್ಟಾಲ್. ಎಂಜಿನ್ ನಿಂತದ್ದಲ್ಲ, ವೇಗ ಕಮ್ಮಿ ಆಗಿದ್ದು ಅಂತಲೂ ಅಲ್ಲ. ರೆಕ್ಕೆ ಗಾಳಿಗೆ ಎಷ್ಟು ಓರೆ ಇದೆ ಅನ್ನೋದೇ ಲೆಕ್ಕ. ಓರೆ ಮಿತಿ ದಾಟಿದ್ರೆ ರೆಕ್ಕೆ ಮೇಲಿನ ಗಾಳಿ ಕಿತ್ತುಕೊಂಡು ಹೋಗುತ್ತೆ. ಆಗ ಎಂಜಿನ್ ಎಷ್ಟು ಕಿರುಚಿದ್ರೂ ಉಪಯೋಗ ಇಲ್ಲ."

ಇನ್ನೊಂದು ಪಾಠಕ್ಕೂ ಜೀಪೇ ಸಾಕಾಯಿತು. ಹಿಂದೆ ಹನ್ನೆರಡು ಜನ ತುಂಬಿಸಿಕೊಂಡು ಏರು ಹತ್ತುವ ಜೀಪಿನ ಸ್ಟೇರಿಂಗ್ ಹೇಗಿರುತ್ತದೆ ಎಂದು ಕೇಳಿದಳು. "ಹಗುರ. ಮುಂದಿನ ಟೈರು ನೆಲ ಹಿಡಿಯಲ್ಲ" ಎಂದೆ. ವಿಮಾನವೂ ಅಷ್ಟೇ ಎಂದಳು. ಭಾರ ಮುಂದಿರಬೇಕು. ಆಗ ಮೂಗು ಕೆಳಗಿಳಿಯಲು ನೋಡುತ್ತದೆ, ಬಾಲ ಅದನ್ನು ಸಮ ಹಿಡಿಯುತ್ತದೆ. ಭಾರ ಹಿಂದೆ ಸರಿದರೆ ಮೂಗು ತಾನಾಗಿ ಏಳುತ್ತದೆ. ಮೂಗು ಏರಿಸಿ ಇಳಿಸುವ ಸ್ಟಿಕ್ ಅನ್ನು ಕೊನೆಯವರೆಗೆ ಮುಂದೆ ತಳ್ಳಿದರೂ ಬಾಲಕ್ಕೆ ಅದನ್ನು ಇಳಿಸುವ ಶಕ್ತಿ ಸಾಲದೆ ಹೋಗಬಹುದು. ಆ ವಿಮಾನದಲ್ಲಿ ಸೀಟು ಮುಂದಕ್ಕಿತ್ತು. ಅದರಲ್ಲಿ ಹಗುರವಾದವರು ಒಬ್ಬರೇ ಕೂತರೆ ಭಾರ ಹಿಂದಕ್ಕೆ ಸರಿಯುತ್ತಿತ್ತು. ಅದಕ್ಕೇ ಒಬ್ಬಳೇ ಹೋಗುವಾಗ ಪಕ್ಕದ ಸೀಟಿಗೆ ಇಪ್ಪತ್ತು ಕೆಜಿ ಮರಳಿನ ಚೀಲ ಕೂರಿಸಿ ಬೆಲ್ಟ್ ಹಾಕುತ್ತಿದ್ದಳು. ಸೀಟಿನ ಹಿಂದೆ ಬಲೆಯೊಳಗೆ ಸಾಮಾನಿಗೆ ಜಾಗ, ಹತ್ತು ಕೆಜಿ ಮಿತಿ. ಬಲೆಯ ಹಿಂದೆ ಬಾಲದವರೆಗೂ ಟೊಳ್ಳು. ಅಲ್ಲಿಗೆ ಹೊರಗಿನಿಂದ ಜಿಪ್ ಹಾಕಿದ ಬಟ್ಟೆಯ ಬಾಗಿಲು. ಅಲ್ಲಿ ಏನನ್ನೂ ಇಡುವಂತಿಲ್ಲ.

ಮಾರ್ಚ್ ತಿಂಗಳು. ಹೂಮಳೆ ಬಿದ್ದು ಕಾಫಿ ಹೂ ಅರಳಿ ಉದುರಿಯಾಗಿತ್ತು. ವಿಮಾನವನ್ನು ವರ್ಷದ ತಪಾಸಣೆಗೆ ಬಯಲುಸೀಮೆಯ ಶೆಡ್ಡಿಗೆ ಒಯ್ಯಬೇಕಿತ್ತು, ಹತ್ತು ದಿನದ ಕೆಲಸ. ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲ ತೂಗಿ ಚೀಟಿ ಬರೆದಳು. ತಾನು, ಮರಳಿನ ಚೀಲ, ಪೆಟ್ರೋಲ್, ಆರು ಕೆಜಿಯ ಬಟ್ಟೆ ಚೀಲ. ಒಂದೊಂದರ ತೂಕವನ್ನೂ ಮೂಗಿನಿಂದ ಅದು ಇರುವ ದೂರಕ್ಕೆ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದಳು. ಭಾರದ ನಡುಬಿಂದು, ಹಿಂದಕ್ಕೆ ಅದು ದಾಟಬಾರದ ಮಿತಿಗಿಂತ ಎರಡು ಸೆಂಟಿಮೀಟರ್ ಮುಂದೆ ಬಂತು. "ಸಾಕು" ಎಂದಳು.

ಅಷ್ಟರಲ್ಲಿ ಸಾಹುಕಾರರ ತಾಯಿ ಬಂದರು. ಎಸ್ಟೇಟಿನಲ್ಲಿ ಎಲ್ಲರಿಗೂ ಅವರು ದೊಡ್ಡಮ್ಮ.

"ಬರಿಗೈಲಿ ಹೊರಟ್ಯೇನೇ? ಹತ್ತು ದಿನ ಅವರ ಮನೇಲಿ ಉಣ್ಣೋಳು ನೀನು. ಒಂದಿಷ್ಟು ಮೆಣಸು, ಕಾಫಿಪುಡಿ, ಜೇನು ಕಟ್ಟಿಸಿದೀನಿ."

"ಬೇಡ ದೊಡ್ಡಮ್ಮ. ಹಿಂದೆ ಹತ್ತೇ ಕೆಜಿ ಹಿಡಿಸೋದು, ನನ್ನ ಬಟ್ಟೇನೇ ಆರು."

"ವಿಮಾನವಂತೆ ವಿಮಾನ! ನಮ್ಮ ಮನೆಯವರ ಸ್ಕೂಟರಲ್ಲಿ ಇದಕ್ಕಿಂತ ಜಾಸ್ತಿ ಹೋಗ್ತಿತ್ತು."

ಎಲ್ಲರೂ ನಕ್ಕೆವು. ಆದರೂ ತಂಗಿ ಬೇಡ ಅಂದದ್ದು ಬೇಡವೇ. ನಮ್ಮ ಅಮ್ಮಿ ಬೆಳಿಗ್ಗೆ ಕಳಿಸಿದ್ದ ಉಪ್ಪಿನಕಾಯಿ ಡಬ್ಬವನ್ನೂ ಅವಳು ಹೀಗೇ ತಳ್ಳಿದ್ದಳು. ಮನೆಯಲ್ಲಿ ಒಮ್ಮೆ, ಇಲ್ಲಿಗೆ ಬಂದ ಮೇಲೆ ಇನ್ನೊಮ್ಮೆ. "ಭಾಯಿ, ವಾಪಸ್ ತಗೊಂಡು ಹೋಗು" ಎಂದಿದ್ದಳು. ವಾಪಸ್ ಒಯ್ದರೆ ಅಮ್ಮಿ ಮುಖ ಸಣ್ಣದು ಮಾಡುತ್ತಾಳೆ ಎಂದು ಅವಳು ಆ ಕಡೆ ತಿರುಗಿದಾಗ ಬಲೆಯ ಹಿಂದಕ್ಕೆ ತಳ್ಳಿದೆ. ಮಾವಿನಮಿಡಿ, ಸ್ಟೀಲ್ ಡಬ್ಬ, ಮೂರೂವರೆ ಕೆಜಿ. ತಕ್ಕಡಿಗೆ ಹಾಕದೆಯೂ ನನ್ನ ಕೈಗೆ ತೂಕ ಗೊತ್ತಾಗುತ್ತದೆ.

ಅವಳು ವಿಮಾನಕ್ಕೆ ಒಂದು ಸುತ್ತು ಹಾಕಿ, ರೆಕ್ಕೆಯ ತಿರುಗಣೆ, ಬಾಲದ ಕೀಲು, ಪೆಟ್ರೋಲಿನಲ್ಲಿ ನೀರಿದೆಯೋ ಎಂದು ಎಲ್ಲ ನೋಡಿದಳು. ಆಮೇಲೆ ದೊಡ್ಡಮ್ಮನಿಗೆ ಹೋಗಿಬರುತ್ತೇನೆ ಎಂದು ಹೇಳಲು ಬಂಗಲೆಗೆ ಹೋದಳು. ನಾನು ದನ ಓಡಿಸಲು ರನ್‌ವೇಯ ಆ ತುದಿಗೆ ನಡೆದೆ. ವಿಮಾನದ ಹತ್ತಿರ ಹತ್ತು ನಿಮಿಷ ನಾವಿಬ್ಬರೂ ಇರಲಿಲ್ಲ.

ಎಂಜಿನ್ ಶುರು ಮಾಡಿ ನಾನಿದ್ದ ತುದಿಗೆ ಬಂದವಳು ವಿಮಾನ ತಿರುಗಿಸುವ ಮೊದಲು ಅಲ್ಲೇ ನಿಲ್ಲಿಸಿದಳು. ಬಾಗಿಲು ಅರ್ಧ ತೆಗೆದು ಕೂಗಿದಳು. "ಭಾಯಿ, ಮೂಗು ಯಾಕೋ ಹಗುರ ಅನ್ಸ್ತಿದೆ. ಮುಂದಿನ ಚಕ್ರ ಕುಣೀತಿದೆ."

ನನಗೆ ಡಬ್ಬ ನೆನಪಾಯಿತು. ಮೂರೂವರೆ ಕೆಜಿಗೆ ಏನಾಗುತ್ತೆ ಅಂದುಕೊಂಡೆ. "ನೆಲ ಹಾಳಾಗಿದೆ ಕಣೇ, ಮಳೆಗೆ ಗುಂಡಿ ಬಿದ್ದಿದೆ" ಎಂದೆ.

ಅವಳು ನನ್ನನ್ನು ನೋಡಿದಳು. ತಲೆಯಾಡಿಸಿ ಬಾಗಿಲು ಹಾಕಿಕೊಂಡಳು.

ಯಾವಾಗಲೂ ಏಳುವ ಜಾಗಕ್ಕಿಂತ ಬಹಳ ಮೊದಲೇ ವಿಮಾನ ನೆಲ ಬಿಟ್ಟಿತು. ಮೂಗು ಎತ್ತಿತು, ಎತ್ತುತ್ತಲೇ ಹೋಯಿತು. ಎಂಜಿನ್ ಸದ್ದು ಪೂರ್ತಿ ಇತ್ತು, ಒಂದಿಷ್ಟೂ ತಗ್ಗಲಿಲ್ಲ. ಒಂದು ಕ್ಷಣ ವಿಮಾನ ನಿಂತಂತೆ ಕಂಡಿತು. ಆಮೇಲೆ ಎಡ ರೆಕ್ಕೆ ಕುಸಿದು, ರನ್‌ವೇ ಕೆಳಗಿನ ಕಾಫಿ ತೋಟಕ್ಕೆ, ಸಿಲ್ವರ್ ಓಕ್ ಮರಗಳ ನಡುವೆ ಹೋಯಿತು.

ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯುವುದಿಲ್ಲ.

ಮನೆಗೆ ಬಂದವರು ಅವಳ ಹಣೆಬರಹ ಅಂದರು, ಅಲ್ಲಾಹನ ಇಚ್ಛೆ ಅಂದರು. ಮದುವೆ ಮಾಡಿದ್ದರೆ ಹೀಗಾಗುತ್ತಿತ್ತಾ ಎಂದು ಒಬ್ಬರು ಅಮ್ಮಿಯ ಎದುರೇ ಕೇಳಿದರು. ಕಳಸದ ಬಸ್‌ಸ್ಟ್ಯಾಂಡಿನಲ್ಲಿ ಗೊತ್ತಿರುವ ಜೀಪ್ ಡ್ರೈವರ್ ಹೆಗಲ ಮೇಲೆ ಕೈಯಿಟ್ಟು, "ಹೆಂಗಸರಿಗೆ ಘಾಟಿಯಲ್ಲಿ ಕಾರೇ ಕಷ್ಟ ಮಾರಾಯ" ಎಂದ. ಕೈ ತೆಗೆ ಎಂದೆ. ಅವನಿಗೆ ಯಾಕೆಂದು ಅರ್ಥವಾಗಲಿಲ್ಲ. ಅವಳು ಚೀಟಿ ಬರೆಯದೆ ಒಂದು ದಿನವೂ ಹಾರಿದವಳಲ್ಲ. ಆ ಡ್ರೈವರ್ ಒಂದು ದಿನವೂ ಟೈರಿನ ಗಾಳಿ ನೋಡಿದವನಲ್ಲ.

ಮುರಿದ ವಿಮಾನವನ್ನು ಕಾಫಿ ಒಣಗಿಸುವ ಕಣಕ್ಕೆ ತಂದು, ಇದ್ದ ಆಕಾರದಲ್ಲೇ ಜೋಡಿಸಿಡಬೇಕು, ವಾರದ ನಂತರ ಬಂದು ಹೇಳಿಕೆ ತೆಗೆದುಕೊಂಡು ಮುಗಿಸುತ್ತೇವೆ ಎಂದು ಅಧಿಕಾರಿ ಹೇಳಿ ಹೋಗಿದ್ದರು. ಬೇರೆಯವರಿಗೆ ಹೇಳುತ್ತೇನೆ ಎಂದರು ಸಾಹುಕಾರರು. ನಾನೇ ಮಾಡುತ್ತೇನೆ ಎಂದೆ. ನನ್ನ ಜೀಪು, ಒಂದು ಟ್ರೇಲರ್, ಇಬ್ಬರು ಆಳುಗಳು. ಗಿಡ ಮುರಿಯದಂತೆ ದಾರಿ ಮಾಡಿಕೊಂಡು ಮೂರು ದಿನ ಸಾಗಿಸಿದೆವು. ಪ್ರತಿ ತುಂಡಿಗೂ ಅದು ಬಿದ್ದಿದ್ದ ಜಾಗ ಬರೆದ ಚೀಟಿ ಕಟ್ಟಿದೆ. ತಂತಿಗಳನ್ನು ಎಳೆದು ನೋಡಿದೆ. ಸ್ಟಿಕ್‌ನಿಂದ ಬಾಲದವರೆಗೆ ಒಂದೂ ಬಿಟ್ಟಿರಲಿಲ್ಲ.

ಎರಡನೇ ದಿನ ಗಿಡಗಳ ನಡುವೆ ಕಾಳುಮೆಣಸು ಕಂಡಿತು. ಮೊದಲು ಲಕ್ಷ್ಯ ಕೊಡಲಿಲ್ಲ. ಸಿಲ್ವರ್ ಮರಕ್ಕೆಲ್ಲ ಮೆಣಸಿನ ಬಳ್ಳಿ ಇರುವ ತೋಟ ಅದು. ಆದರೆ ಬಳ್ಳಿಯಿಂದ ಬೀಳುವುದು ಹಸಿ ಕಾಳು. ಇದು ಒಣಗಿ, ಕೇರಿ, ಒಂದೇ ಅಳತೆಗೆ ಆರಿಸಿದ ಕಪ್ಪು ಮೆಣಸು. ಮನೆಗೆ ಇಟ್ಟುಕೊಳ್ಳುವಂಥದ್ದು. ಮೂರನೇ ದಿನ ಕಣದಲ್ಲಿ ಬಾಲದ ತುಂಡಿನೊಳಕ್ಕೆ ಇರುವೆಗಳ ಸಾಲು ಹೋಗುತ್ತಿತ್ತು. ಜಿಪ್ ಎಳೆದೆ. ಒಳಗೆ ಬಟ್ಟೆಗೆಲ್ಲ ಜೇನು ಮೆತ್ತಿಕೊಂಡಿತ್ತು. ಒಡೆದ ಬಾಟಲಿಯ ಕತ್ತು, ಹರಿದ ಮೆಣಸಿನ ಚೀಲ, ಒಡೆದ ಕಾಫಿಪುಡಿ ಪೊಟ್ಟಣಗಳು. ಅವುಗಳ ಅಡಿಯಲ್ಲಿ ನಜ್ಜಾದ ಒಂದು ಸ್ಟೀಲ್ ಡಬ್ಬ.

ನಾನು ನೇರ ರೈಟರ್ ಹತ್ತಿರ ಹೋದೆ. ಎಸ್ಟೇಟಿನ ಲೆಕ್ಕ, ಹಾಜರಿ ಎಲ್ಲ ನೋಡಿಕೊಳ್ಳುವವನು ಅವನು. ನನಗಿಂತ ಚಿಕ್ಕವನು, ಒಳ್ಳೆಯವನು.

"ಜಿಪ್ ಹಿಂದೆ ಇಟ್ಟವರು ಯಾರು?"

"ದೊಡ್ಡಮ್ಮ ಹೇಳಿದ್ರು ಸಾಬ್ರೇ."

"ಅವಳು ಬೇಡ ಅಂದದ್ದು ನಿನಗೆ ಕೇಳಿತ್ತಾ?"

"ಕೇಳಿತ್ತು. ಬೇಡ ಅಂತ ಎಲ್ಲರೂ ಅಂತಾರಲ್ವಾ? ಜೀಪಲ್ಲಿ ನಾವು ಇಡಲ್ವಾ? ಹೊರಟ ಮೇಲೆ ಫೋನ್ ಮಾಡಿ ಹೇಳಲ್ವಾ? ಅವಳಿಗೂ ಮೆಸೇಜ್ ಹಾಕಿದ್ದೆ."

ಫೋನ್ ತೆಗೆದು ತೋರಿಸಿದ. 'ಹಿಂದೆ ಇಟ್ಟಿದೀವಿ. ಇಳಿದ ಮೇಲೆ ನೋಡು.' ಅದರ ಕೆಳಗೆ ಕೈಮುಗಿದ ಒಂದು ಚಿತ್ರ.

"ಎಷ್ಟು ತೂಕ?"

"ಮೆಣಸು ಹತ್ತು. ಪುಡಿ ಐದು. ಜೇನು ಎರಡು ಬಾಟಲಿ, ಮೂರು ಇರ್ಬೋದು."

"ಹದಿನೆಂಟು ಕೆಜಿ. ತಕ್ಕಡಿ ಅಲ್ಲೇ ನೇತಾಡ್ತಿತ್ತಲ್ಲೋ."

ಅವನು ಅತ್ತ. ನನಗೆ ಕರುಣೆ ಬರಲಿಲ್ಲ. ಈಗಲೂ ಬಂದಿಲ್ಲ. ನಮ್ಮ ಕಡೆ ಬೇಡ ಅನ್ನುವ ಮಾತಿಗೆ ಬೆಲೆಯೇ ಇಲ್ಲ. ಮೂರು ಸಲ ಬೇಡ ಅಂದರೂ ಅದು ಸಂಕೋಚ ಎಂದೇ ಲೆಕ್ಕ. ಉಣ್ಣುವವನ ಕೈ ಸರಿಸಿ ಎಲೆಗೆ ಅನ್ನ ಸುರಿಯುತ್ತೇವೆ. ಅದನ್ನೇ ಪ್ರೀತಿ ಅನ್ನುತ್ತೇವೆ.

ಸಾಹುಕಾರರಿಗೆ ಆಗಲೇ ಸುದ್ದಿ ಮುಟ್ಟಿತ್ತು. ಕಣಕ್ಕೆ ಅವರೇ ಬಂದರು, ಆಳುಗಳನ್ನು ಕಳಿಸಿದರು.

"ಸಾಬ್ರೇ, ನಾನು ನಿಮ್ಮ ಹತ್ರ ಸುಳ್ಳು ಹೇಳಿ ಅನ್ನಲ್ಲ. ಕೇಳಿದ್ದಕ್ಕೆ ಮಾತ್ರ ಹೇಳಿ. ಅವರು ಇದನ್ನ ಕೇಳಲ್ಲ."

"ಅವಳ ತಪ್ಪು ಅಂತ ಬರೀತಾರೆ."

"ಅಮ್ಮನಿಗೆ ಎಂಬತ್ತೆರಡು. ಅವಳನ್ನ ಮೊಮ್ಮಗಳ ಥರ ನೋಡ್ತಿದ್ರು. ತಾನು ಕಟ್ಟಿಸಿದ ಚೀಲದಿಂದ ಹಿಂಗಾಯ್ತು ಅಂತ ಗೊತ್ತಾದ್ರೆ ಉಳಿಯಲ್ಲ ಅವರು." ಬಾಲದ ತುಂಡಿಗೆ ಕಟ್ಟಿದ್ದ ಚೀಟಿ ತಿರುಗಿಸಿ ನೋಡಿ, "ಹೋದವಳಿಗೆ ಒಂದು ಮಾತು ಬಂದ್ರೆ ನೋವಾಗುತ್ತಾ ಹೇಳಿ" ಎಂದರು.

"ನನಗಾಗುತ್ತೆ" ಎಂದೆ. ಹನ್ನೊಂದು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. "ನಿಮ್ಮ ಅಮ್ಮನ್ನ ಉಳಿಸಕ್ಕೆ ನನ್ನ ತಂಗೀನ ದಡ್ಡಿ ಮಾಡ್ತೀರಾ? ಅವಳು ಹೋಗಿದ್ದು ಸಾಕಾಗ್ಲಿಲ್ವಾ?"

ಅವರು ಬಂಗಲೆ ಕಡೆ ಹೊರಟರು.

ಮರುದಿನ ಗ್ಯಾರೇಜಿನ ಬೆಂಚಿನ ಮೇಲೆ ಅವಳ ಚೀಟಿ ಇಟ್ಟುಕೊಂಡು ಲೆಕ್ಕ ಮಾಡಲು ಕೂತೆ. ಬರೀ ಮಾತು ಹೇಳಿದರೆ ಅಧಿಕಾರಿ ಮೆಕ್ಯಾನಿಕ್ಕಿನ ಸಂಕಟ ಎಂದು ಪಕ್ಕಕ್ಕಿಡುತ್ತಾರೆ, ಅಂಕಿ ಕೊಡಬೇಕು. ಚೀಲಗಳಿದ್ದ ಜಾಗ ಭಾರದ ನಡುಬಿಂದುವಿನಿಂದ ಒಂದು ಮೀಟರ್ ಅರವತ್ತು ಸೆಂಟಿಮೀಟರ್ ಹಿಂದೆ. ಗುಣಿಸಿದೆ, ಕೂಡಿಸಿದೆ, ಭಾಗಿಸಿದೆ. ಮೂರು ಸಲ ಮಾಡಿದೆ. ಅವಳ ಎರಡು ಸೆಂಟಿಮೀಟರ್ ಕರಗಿ, ಭಾರ ಹಿಂದಿನ ಮಿತಿಯನ್ನು ದಾಟಿ ಐದು ಸೆಂಟಿಮೀಟರ್ ಆಚೆ ಹೋಗಿತ್ತು. ಐದು ಸೆಂಟಿಮೀಟರ್ ಎಂದರೆ ಮೂರು ಬೆರಳಿನ ಅಗಲ. ಅಷ್ಟರಲ್ಲಿ ಎಲ್ಲ ಇತ್ತು. ಅವಳು ಸ್ಟಿಕ್ ಎಳೆದಿರಲಿಲ್ಲ. ಮುಂದಕ್ಕೆ ತಳ್ಳುತ್ತಿದ್ದಳು. ಕೊನೆಯವರೆಗೂ ತಳ್ಳಿರಬೇಕು.

ಗೆದ್ದವನಂತೆ ಕಾಗದ ಮಡಚಿದೆ. ಆಗ ಗೊತ್ತಾಯಿತು, ಡಬ್ಬವನ್ನು ನಾನು ಬರೆದೇ ಇರಲಿಲ್ಲ.

ಮರೆತದ್ದಲ್ಲ. ಕೈ ತಾನಾಗಿ ಅದನ್ನು ಬಿಟ್ಟಿತ್ತು. ಮೂರು ಸಲ ಮಾಡಿದಾಗ ಮೂರು ಸಲವೂ ಬಿಟ್ಟಿತ್ತು. ಕಾಗದ ಬಿಚ್ಚಿ ಮೂರೂವರೆ ಕೆಜಿ ಸೇರಿಸಿದೆ. ಆರೂವರೆ ಸೆಂಟಿಮೀಟರ್ ಬಂತು. ಡಬ್ಬ ಇಲ್ಲದಿದ್ದರೂ ಮಿತಿ ದಾಟಿತ್ತು. ಬಿಟ್ಟರೆ ವಿಚಾರಣೆಗೆ ಏನೂ ವ್ಯತ್ಯಾಸವಿಲ್ಲ, ತಂಗಿಯ ಹೆಸರಿಗೂ ಇಲ್ಲ. ಕೇಳಿದ್ದಕ್ಕೆ ಮಾತ್ರ ಹೇಳು. ಸಾಹುಕಾರರ ಮಾತು ನನ್ನ ಬಾಯಲ್ಲೇ ಬಂತು.

ಅಷ್ಟು ದಿನ ಊರಿನ ಮೇಲೆ ಇದ್ದ ಸಿಟ್ಟು ಅಲ್ಲಿ ಬೆಂಚಿನ ಮುಂದೆ ನನ್ನ ಕಡೆಗೆ ತಿರುಗಿತು. ರೈಟರ್‌ಗೆ ಲೆಕ್ಕ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಜೀಪಿನ ಕಿಟಕಿಯಲ್ಲಿ ಕೈ ಹೊರಗೆ ಹಾಕಿ ಕಲಿತವನು ನಾನು. ಮೂಗು ಹಗುರ ಎಂದು ಅವಳು ಕೇಳಿದ್ದು ನನ್ನನ್ನು. ಆಗ ಡಬ್ಬ ಇದೆ ಅಂದಿದ್ದರೆ ಅವಳು ಎಂಜಿನ್ ನಿಲ್ಲಿಸಿ ಇಳಿದು, ಬೈಯುತ್ತಾ ಬಾಲದ ಜಿಪ್ ಎಳೆಯುತ್ತಿದ್ದಳು. ಡಬ್ಬ ಹುಡುಕಲು ಹೋದವಳಿಗೆ ಮೆಣಸಿನ ಚೀಲವೂ ಸಿಗುತ್ತಿತ್ತು.

ಅಂದು ಗ್ಯಾರೇಜಿಗೆ ಬಂದ ಒಂದು ಜೀಪನ್ನೂ ಮುಟ್ಟಲಿಲ್ಲ. ಮಧ್ಯಾಹ್ನ ಮನೆಗೆ ಹೋದೆ. ಅಮ್ಮಿ ಅಕ್ಕಿ ಆರಿಸುತ್ತಾ ಕೂತಿದ್ದಳು. ನಮ್ಮ ಮನೆಯ ಮಾತು ಉರ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಲ್ಲ ಹೇಳಿದೆ. ಮೆಣಸು, ಜೇನು, ಪುಡಿ, ಸಾಹುಕಾರರು ಬಂದದ್ದು. ಆಮೇಲೆ ಡಬ್ಬ. ಅವಳ ಕೈ ಮೊರದ ಮೇಲೆ ನಿಂತಿತು.

"ನಾನು ಕೊಟ್ಟದ್ದಾ?"

"ನೀನು ಕೊಟ್ಟದ್ದು. ಇಟ್ಟದ್ದು ನಾನು."

"ಅದಿಲ್ಲದಿದ್ದರೂ ಬೀಳುತ್ತಿತ್ತಾ?"

"ಲೆಕ್ಕದ ಪ್ರಕಾರ ಹೌದು." ಆಮೇಲೆ, ಮೂಗು ಹಗುರ ಎಂದು ತಂಗಿ ಕೇಳಿದ್ದನ್ನೂ ನಾನು ಹೇಳಿದ ಉತ್ತರವನ್ನೂ ಹೇಳಿದೆ. ಅದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ಅಮ್ಮಿ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. ಇನ್ನೊಂದು ಆರಿಸಿದಳು. ನನ್ನನ್ನು ಹೊಡೆಯಲಿ ಎಂದು ಕಾದೆ.

"ಹುಡುಗಿಯನ್ನು ಊರೆಲ್ಲ ಅಂದದ್ದು ಸಾಕು" ಎಂದಳು ಕೊನೆಗೆ. "ಬರಿ. ಡಬ್ಬವನ್ನೂ ಬರಿ. ಅವಳು ಬೇಡ ಅಂದಿದ್ದಳಲ್ಲ, ಅದನ್ನೂ ಬರಿ."

ಅಧಿಕಾರಿ ಎರಡನೇ ಸಲ ಬಂದಾಗ ಅದೇ ಜಗಲಿ, ಅದೇ ಕುರ್ಚಿ. ದೊಡ್ಡಮ್ಮ ಬಾಗಿಲ ಹತ್ತಿರ ಕೂತಿದ್ದರು. ಸಾಹುಕಾರರು ನನ್ನ ಮುಖ ನೋಡಲಿಲ್ಲ. ಈ ಸಲ ನಾನು ಮೆಟ್ಟಿಲು ಹತ್ತಿ ಹೋದೆ. ಅವಳ ಚೀಟಿ, ನನ್ನ ಲೆಕ್ಕ ಎರಡನ್ನೂ ಮೇಜಿನ ಮೇಲಿಟ್ಟು, ಇನ್ನೊಂದು ಚೀಲದಿಂದ ನಜ್ಜಾದ ಡಬ್ಬವನ್ನು ತೆಗೆದಿಟ್ಟೆ. ಅಧಿಕಾರಿ ಅಂಕಿಗಳ ಮೇಲೆ ಬೆರಳಾಡಿಸಿದರು. ಹಿಂದಕ್ಕೆ ಹೋಗಿ ಮತ್ತೆ ಓದಿದರು. ತಮ್ಮ ಕ್ಯಾಲ್ಕುಲೇಟರ್‌ನಲ್ಲಿ ಮಾಡಿ ನೋಡಿದರು. ಕಾಫಿ ಆರಿ ಕೆನೆ ಕಟ್ಟಿತು.

"ಈ ಡಬ್ಬ ತೆಗೆದ್ರೂ ಮಿತಿ ದಾಟುತ್ತಲ್ರೀ. ಇದನ್ನ ಯಾಕೆ ಹಾಕಿದ್ದೀರಿ? ಯಾರದ್ದಿದು?"

"ನಂದು. ಇಟ್ಟವನು ನಾನೇ. ಹಗುರ ಅನ್ಸ್ತಿದೆ ಅಂತ ಅವಳು ಕೇಳಿದಾಗ ಹೇಳದೆ ಇದ್ದವನೂ ನಾನೇ."

ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅವರಿಗೆ ಎಲ್ಲ ಕೇಳಿಸಿತ್ತು. ನಾನು ಅವರ ಕಡೆ ನೋಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅಧಿಕಾರಿ ಹೇಳಿಕೆಯ ಹಾಳೆ ಮುಂದೆ ತಳ್ಳಿ, ನಿಮ್ಮ ಕೈಯಲ್ಲೇ ಬರೆಯಿರಿ ಎಂದರು. ಹಾಳೆಯ ಮೇಲೆ ಅವರ ಅಕ್ಷರದಲ್ಲಿ 'ಮೃತ ಯುವತಿ' ಎಂದು ಆಗಲೇ ಇತ್ತು. ಅದಕ್ಕೆ ಗೆರೆ ಹೊಡೆದು 'ಪೈಲಟ್' ಎಂದು ಬರೆದೆ. ಆಮೇಲೆ ಇಟ್ಟದ್ದನ್ನೆಲ್ಲ ಒಂದೊಂದಾಗಿ ಬರೆದೆ. ಇಟ್ಟವರು ಯಾರು, ಎಲ್ಲಿ, ಎಷ್ಟು ಕೆಜಿ. ಪ್ರತಿ ಸಾಲಿನ ಕೊನೆಗೂ ಒಂದೇ ಮಾತು ಬರೆದೆ. ಹಾಳೆಯಲ್ಲಿ ಅದು ನಾಲ್ಕು ಸಲ ಇದೆ:

ಪೈಲಟ್ ಬೇಡ ಎಂದು ಹೇಳಿದ್ದರು.